ಉರಿಯುವ ಕೆನ್ನೆಗೆ ಉಪಚಾರ: ರೋಸೇಶಿಯಾ ಇರುವವರು ತಿಳಿದಿರಬೇಕಾದದ್ದು

ವಯಸ್ಸು ಮೂವತ್ತೈದು ದಾಟಿದೆ, ಆದರೂ ಮುಖದ ಮೇಲೆ ಮೊಡವೆ ಏಳುತ್ತಿದೆ. ಬಿಸಿಲಿಗೆ ಹೋಗಿ ಬಂದರೆ, ಒಲೆಯ ಮುಂದೆ ಅರ್ಧ ಗಂಟೆ ನಿಂತರೆ, ಖಾರದ ಊಟ ಮಾಡಿದರೆ ಕೆನ್ನೆ ಮತ್ತು ಮೂಗು ಕಾದಂತಾಗಿ ಚುರುಚುರು ಉರಿಯುತ್ತದೆ. ಮನೆಯವರು ‘ಉಷ್ಣ ಆಗಿದೆ, ಎಳನೀರು ಕುಡಿ’ ಎನ್ನುತ್ತಾರೆ. ಗೆಳತಿಯರು ಹೊಸ ಫೇಸ್‌ವಾಶ್‌ನ ಹೆಸರು ಹೇಳುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಣ್ಣದೊಂದು ಟ್ಯೂಬ್ ಸಿಗುತ್ತದೆ. ಹಚ್ಚಿದ ನಾಲ್ಕೇ ದಿನಕ್ಕೆ ಮುಖ ತಿಳಿಯಾಗುತ್ತದೆ, ಬಿಟ್ಟ ಕೆಲವೇ ದಿನಕ್ಕೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ಹೀಗೆ ವರ್ಷಗಟ್ಟಲೆ ಒದ್ದಾಡುವವರಲ್ಲಿ ಹಲವರಿಗೆ ಇರುವುದು ರೋಸೇಶಿಯಾ.

ಇದು ಮುಖದ ಚರ್ಮದಲ್ಲಿ ದೀರ್ಘಕಾಲ ಉಳಿಯುವ ಉರಿಯೂತ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮುಖ ಸರಿಯಾಗಿ ತೊಳೆಯದಿದ್ದರಿಂದ ಬಂದದ್ದೂ ಅಲ್ಲ. ಬೇರುಸಹಿತ ಕಿತ್ತುಹಾಕುವ ಔಷಧಿ ಇದಕ್ಕಿಲ್ಲ. ಆದರೆ ಮಧುಮೇಹ, ರಕ್ತದೊತ್ತಡಗಳ ಹಾಗೆ ಹತೋಟಿಯಲ್ಲಿಟ್ಟುಕೊಂಡು ನೆಮ್ಮದಿಯಾಗಿ ಬದುಕಬಹುದು. ಅದಕ್ಕೆ ಮೊದಲು ಮಾಡಬೇಕಾದ್ದು ಒಂದೇ: ಮುಖಕ್ಕೆ ಹಚ್ಚುವ, ತಿಕ್ಕುವ, ಉಜ್ಜುವ ಕೆಲಸಗಳನ್ನು ಕಡಿಮೆ ಮಾಡುವುದು. ಈ ಚರ್ಮಕ್ಕೆ ಬೇಕಾಗಿರುವುದು ವಿಶ್ರಾಂತಿ.

ಗುರುತಿಸುವುದು ಹೇಗೆ?

ರೋಸೇಶಿಯಾ ಸಾಮಾನ್ಯವಾಗಿ ಮೂವತ್ತು ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ಕೆನ್ನೆ, ಮೂಗು, ಗಲ್ಲ, ಹಣೆಯ ನಡುಭಾಗ ಇದರ ಜಾಗ. ಮೊದಲಿಗೆ ಮುಖ ಆಗಾಗ ಬಿಸಿಯೇರಿ ಕೆಂಪಾಗಿ ಇಳಿಯುತ್ತದೆ. ಕ್ರಮೇಣ ಆ ಕೆಂಪು ಇಳಿಯದೆ ಉಳಿದುಬಿಡುತ್ತದೆ. ಕೆಲವರಲ್ಲಿ ಸಣ್ಣ ಗುಳ್ಳೆ, ಕೀವುಗುಳ್ಳೆಗಳು ಏಳುತ್ತವೆ. ಕೆಲವರಲ್ಲಿ ಮೂಗಿನ ಅಂಚು, ಕೆನ್ನೆಗಳ ಮೇಲೆ ಕೂದಲೆಳೆಯಂಥ ರಕ್ತನಾಳಗಳು ಕಾಣುತ್ತವೆ. ಮುಖ್ಯವಾಗಿ ಗಂಡಸರಲ್ಲಿ, ಬಹಳ ವರ್ಷ ಕಳೆದ ಮೇಲೆ ಮೂಗಿನ ಚರ್ಮ ದಪ್ಪಗಾಗಿ ಗಂಟುಗಂಟಾಗುವುದೂ ಉಂಟು. ಇಟಲಿಯ ಚಿತ್ರಕಾರ ಘಿರ್ಲಾಂಡಾಯೊ 1490ರ ಸುಮಾರಿಗೆ ಬರೆದ, ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿರುವ ಅಜ್ಜ–ಮೊಮ್ಮಗನ ಚಿತ್ರದಲ್ಲಿ ಅಜ್ಜನ ಮೂಗು ಹೀಗೇ ಇದೆ. ಇಂಥ ಮೂಗು ಕಂಡರೆ ಕುಡುಕನೆಂದು ತೀರ್ಮಾನಿಸುವವರಿದ್ದಾರೆ. ಅದು ತಪ್ಪು, ಒಂದು ತೊಟ್ಟೂ ಮದ್ಯ ಮುಟ್ಟದವರಿಗೂ ಇದು ಬರುತ್ತದೆ.

ಪಠ್ಯಪುಸ್ತಕಗಳಲ್ಲಿ ಬಹುಕಾಲ ಇದನ್ನು ಯುರೋಪಿನ ಬಿಳಿ ಚರ್ಮದವರ ಕಾಯಿಲೆ ಎಂದೇ ವರ್ಣಿಸಲಾಗಿತ್ತು. ಗೋಧಿ ಬಣ್ಣ, ಎಣ್ಣೆಗೆಂಪು, ಕಪ್ಪು ಬಣ್ಣದ ನಮ್ಮ ಮುಖಗಳಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಬದಲಿಗೆ ಕೆನ್ನೆ ಮಬ್ಬಾಗಿ, ಕಂದು ಅಥವಾ ನೇರಳೆ ಛಾಯೆಗೆ ತಿರುಗಿದಂತೆ ಕಾಣುತ್ತದೆ. ಗುಳ್ಳೆ ಒಣಗಿದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ರೋಗಿ ಆ ಕಲೆಯ ಚಿಕಿತ್ಸೆಗೆ ಓಡಾಡುತ್ತಾರೆ, ಕಲೆಗೆ ಕಾರಣವಾದ ಉರಿಯೂತ ಒಳಗೇ ಉಳಿಯುತ್ತದೆ. ಹಾಗಾಗಿ ನಾವು ಕಣ್ಣಿಗಿಂತ ಅನುಭವವನ್ನು ನಂಬಬೇಕು. ಕೆನ್ನೆ ಮುಟ್ಟಿದರೆ ಬಿಸಿಯೇ? ಸಾದಾ ಕ್ರೀಮ್ ಹಚ್ಚಿದರೂ ಚುರುಗುಟ್ಟುತ್ತದೆಯೇ? ಮುಖ ತೊಳೆದ ತಕ್ಷಣ ಚರ್ಮ ಬಿಗಿದಂತಾಗುತ್ತದೆಯೇ? ಕಿಟಕಿಯ ಬೆಳಕಿನಲ್ಲಿ ನಿಂತು ಗಾಜಿನ ಲೋಟದ ಬುಡವನ್ನು ಕೆನ್ನೆಗೆ ಮೆಲ್ಲಗೆ ಒತ್ತಿ ನೋಡಿ. ಒತ್ತಿದ ಜಾಗದ ಬಣ್ಣ ತಿಳಿಯಾಗಿ, ತೆಗೆದ ಕೂಡಲೇ ಮತ್ತೆ ಗಾಢವಾದರೆ ಅಲ್ಲಿ ರಕ್ತನಾಳಗಳು ಹಿಗ್ಗಿವೆ ಎಂದರ್ಥ. ಇದಷ್ಟರಿಂದ ರೋಗನಿರ್ಣಯ ಆಗದು, ಆದರೆ ವೈದ್ಯರ ಬಳಿ ಹೋಗಲು ಸಾಕಷ್ಟು ಕಾರಣವಾಯಿತು.

ಮೊಡವೆಗೂ ಇದಕ್ಕೂ ಇರುವ ಒಂದು ಮುಖ್ಯ ವ್ಯತ್ಯಾಸ ನೆನಪಿಡಿ: ಹರೆಯದ ಮೊಡವೆಯಲ್ಲಿ ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಇರುತ್ತವೆ, ರೋಸೇಶಿಯಾದಲ್ಲಿ ಇರುವುದಿಲ್ಲ. ಹುಬ್ಬು, ಮೂಗಿನ ಮಡಿಕೆಗಳಲ್ಲಿ ಹೊಟ್ಟಿನಂಥ ಪೊರೆ ಏಳುತ್ತಿದ್ದರೆ ಅದು ತಲೆಹೊಟ್ಟಿನ ಬಳಗದ ಸೆಬೊರಿಕ್ ಡರ್ಮಟೈಟಿಸ್ ಆಗಿರಬಹುದು. ಕೆನ್ನೆ–ಮೂಗಿನ ಮೇಲೆ ಚಿಟ್ಟೆಯಾಕಾರದ ಕೆಂಪಿನ ಜೊತೆಗೆ ಕೀಲುನೋವು, ಬಾಯಿಹುಣ್ಣು, ಜ್ವರ, ವಿಪರೀತ ಸುಸ್ತು ಇದ್ದರೆ ಲೂಪಸ್ ಎಂಬ ಗಂಭೀರ ಕಾಯಿಲೆಯ ಪರೀಕ್ಷೆ ಆಗಲೇಬೇಕು, ತಡಮಾಡಬೇಡಿ.

ಯಾಕೆ ಬರುತ್ತದೆ?

ಒಂದೇ ಕಾರಣವಿಲ್ಲ. ಮನೆತನದಲ್ಲಿ ಹರಿದುಬರುವ ಗುಣ ಸ್ವಲ್ಪ, ಬಿಸಿಗೆ ಬೇಗ ಹಿಗ್ಗುವ ರಕ್ತನಾಳಗಳು ಸ್ವಲ್ಪ. ಎಲ್ಲರ ಮುಖದ ರಂಧ್ರಗಳಲ್ಲೂ ವಾಸಿಸುವ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ನುಸಿ ಇವರಲ್ಲಿ ಹೆಚ್ಚಿರುತ್ತದೆ. ಚರ್ಮ ಸೋಂಕಿನಿಂದ ತನ್ನನ್ನು ಕಾಪಾಡಿಕೊಳ್ಳಲು ತಯಾರಿಸುವ ಕ್ಯಾಥೆಲಿಸಿಡಿನ್ ಎಂಬ ಪೆಪ್ಟೈಡ್ ರೋಸೇಶಿಯಾ ಇರುವವರಲ್ಲಿ ಅತಿಯಾಗಿ, ಬೇರೆ ರೂಪದಲ್ಲಿ ತಯಾರಾಗುತ್ತದೆ ಎಂಬುದನ್ನು 2007ರಲ್ಲಿ ಕ್ಯಾಲಿಫೋರ್ನಿಯಾದ ರಿಚರ್ಡ್ ಗ್ಯಾಲೊ ಅವರ ತಂಡ ತೋರಿಸಿತು. ಸರಳವಾಗಿ ಹೇಳುವುದಾದರೆ ಈ ಚರ್ಮ ಸಣ್ಣ ಕಿರಿಕಿರಿಗೂ ದೊಡ್ಡ ದಾಳಿಗೆ ಉತ್ತರಿಸುವಂತೆ ಉತ್ತರಿಸುತ್ತದೆ. ಉಜ್ಜಿದಷ್ಟೂ, ಹಚ್ಚಿದಷ್ಟೂ ಕೆರಳುವುದು ಇದೇ ಕಾರಣಕ್ಕೆ.

ಆ ಸಣ್ಣ ಟ್ಯೂಬ್

ನಮ್ಮಲ್ಲಿ ಈ ಕಾಯಿಲೆಯನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುತ್ತಿರುವುದು ಸ್ಟೀರಾಯ್ಡ್ ಮುಲಾಮು. ಬೆಳ್ಳಗಾಗಲು, ಕಲೆ ಹೋಗಲು, ಮೊಡವೆ ಅಡಗಲು ಎಂದು ಕೌಂಟರ್‌ನಲ್ಲಿ ಕೇಳಿ ಪಡೆಯುವ ಟ್ಯೂಬ್‌ಗಳಲ್ಲಿ ಬಹಳಷ್ಟು ಇದೇ. ದೇಶದ 12 ಕೇಂದ್ರಗಳಲ್ಲಿ ಚರ್ಮರೋಗ ತಜ್ಞರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ತೊಂದರೆಯೆಂದು ಬಂದ 2,926 ರೋಗಿಗಳ ಪೈಕಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚಿಕೊಳ್ಳುತ್ತಿದ್ದರು.

ಸ್ಟೀರಾಯ್ಡ್ ಒಳ್ಳೆಯ ಔಷಧಿಯೇ. ಸರಿಯಾದ ಕಾಯಿಲೆಗೆ, ಸರಿಯಾದ ಜಾಗಕ್ಕೆ, ಕೆಲವು ದಿನಗಳ ಮಟ್ಟಿಗೆ. ಮುಖದ ತೆಳು ಚರ್ಮಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನಷ್ಟು ತೆಳುವಾಗುತ್ತದೆ, ರಕ್ತನಾಳಗಳು ಕಾಣತೊಡಗುತ್ತವೆ, ಬೇಡದ ಕೂದಲು ಬೆಳೆಯುತ್ತದೆ, ರೋಸೇಶಿಯಾ ಇಲ್ಲದವರಲ್ಲೂ ರೋಸೇಶಿಯಾದಂಥ ಗುಳ್ಳೆಗಳು ಏಳುತ್ತವೆ. ಬಿಟ್ಟರೆ ಉರಿ, ಹಚ್ಚಿದರೆ ಶಮನ ಎಂಬ ಸುಳಿಗೆ ಸಿಕ್ಕಿಬಿದ್ದ ಮೇಲೆ ಹೊರಬರುವುದು ಕಷ್ಟ.

ಮನೆಯಲ್ಲಿರುವ ಟ್ಯೂಬನ್ನು ಈಗಲೇ ಕೈಗೆ ತೆಗೆದುಕೊಂಡು ಬ್ರ್ಯಾಂಡಿನ ದೊಡ್ಡ ಅಕ್ಷರದ ಕೆಳಗಿರುವ ಸಣ್ಣ ಅಕ್ಷರ ಓದಿ. ಬೆಟಮೆಥಸೋನ್, ಮೊಮೆಟಸೋನ್, ಫ್ಲೂಟಿಕಸೋನ್, ಫ್ಲೂಸಿನೋಲೋನ್, ಕ್ಲೋಬೆಟಸಾಲ್, ಬೆಕ್ಲೋಮೆಥಸೋನ್, ಹೈಡ್ರೋಕಾರ್ಟಿಸೋನ್: ಇವೆಲ್ಲ ಸ್ಟೀರಾಯ್ಡ್‌ಗಳು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಮೊಮೆಟಸೋನ್ ಬೆರೆಸಿದ ‘ಕಲೆ’ ಕ್ರೀಮ್‌ಗಳೂ ಈ ಪಟ್ಟಿಗೆ ಸೇರುತ್ತವೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಅಡಿ ತಂದು, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದಿತು. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತೆಂದ ಮಾತ್ರಕ್ಕೆ ಅದು ಸುರಕ್ಷಿತವೆಂದು ತಿಳಿಯಬೇಡಿ.

ಬಹಳ ದಿನದಿಂದ ಹಚ್ಚುತ್ತಿದ್ದರೆ ಟ್ಯೂಬ್ ಸಮೇತ ಚರ್ಮರೋಗ ತಜ್ಞರ ಬಳಿ ಹೋಗಿ, ಎಷ್ಟು ದಿನದಿಂದ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಹೇಗೆ ಬಿಡಬೇಕೆಂದು ಅವರು ತಿಳಿಸುತ್ತಾರೆ. ಬಿಟ್ಟ ಮೊದಲ ಕೆಲವು ವಾರ ಮುಖ ಕೆಂಪಾಗಿ ಊದಿಕೊಂಡು ಉರಿಯಬಹುದು. ಆ ದಿನಗಳು ಕಠಿಣ, ಆದರೆ ದಾಟಿಹೋಗುತ್ತವೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯನ್ನು ಮುಖದ ಮೇಲಿಟ್ಟುಕೊಳ್ಳಿ, ಮತ್ತೆ ಟ್ಯೂಬಿಗೆ ಕೈಹಾಕಬೇಡಿ.

ಮುಖ ತೊಳೆಯುವ ರೀತಿ

ದಿನಕ್ಕೆ ಎರಡು ಬಾರಿ ಸಾಕು. ನಮ್ಮ ಚರ್ಮ ಸಹಜವಾಗಿ ಸ್ವಲ್ಪ ಆಮ್ಲೀಯ. ಅದರ ಪಿಎಚ್ ಸುಮಾರು 5. ಸಾಮಾನ್ಯ ಸೋಪಿನದು 9ರಿಂದ 10. ಹಾಗಾಗಿ ಪರಿಮಳವಿಲ್ಲದ, ಸೋಪಲ್ಲದ ಕ್ಲೆನ್ಸರ್ ಅಥವಾ ಸಿಂಡೆಟ್ ಬಾರ್ ಬಳಸಿ. ನೀರು ಉಗುರುಬೆಚ್ಚಗಿರಲಿ. ಕ್ಲೆನ್ಸರನ್ನು ಬೆರಳ ತುದಿಗಳಿಂದ ಮೆಲ್ಲಗೆ ಸವರಿ, ನೀರು ಎರಚಿಕೊಂಡು ತೊಳೆದು, ಹತ್ತಿಯ ಟವೆಲನ್ನು ಮುಖಕ್ಕೆ ಒತ್ತಿ ಒತ್ತಿ ತೆಗೆಯಿರಿ, ಎಳೆದು ಒರೆಸಬೇಡಿ. ಎಣ್ಣೆ ಸ್ನಾನದ ದಿನ ಹಂಡೆಯ ಸುಡುನೀರು ತಲೆಯಿಂದ ಮುಖದ ಮೇಲೆ ಹರಿಯದ ಹಾಗೆ ತಲೆಯನ್ನು ಹಿಂದಕ್ಕೆ ಬಾಗಿಸಿ ನೀರು ಹಾಕಿಸಿಕೊಳ್ಳಿ.

ಕಡಲೆಹಿಟ್ಟು, ಅರಿಶಿನ, ಮುಲ್ತಾನಿ ಮಿಟ್ಟಿ ತಿಕ್ಕಿ ಬೆಳೆದವರು ನಾವು. ಗಟ್ಟಿ ಚರ್ಮದವರಿಗೆ ಅದರಿಂದ ತೊಂದರೆಯಾಗದಿರಬಹುದು. ರೋಸೇಶಿಯಾ ಚರ್ಮಕ್ಕೆ ಆ ತಿಕ್ಕಾಟವೇ ಪೆಟ್ಟು. ನಿಂಬೆರಸ, ಟೊಮೆಟೊ, ಅಡುಗೆ ಸೋಡಾ, ಟೂತ್‌ಪೇಸ್ಟ್ ಹಚ್ಚುವುದಂತೂ ಬೇಡವೇ ಬೇಡ. ಪಾರ್ಲರ್‌ನ ಫೇಶಿಯಲ್, ಬ್ಲೀಚ್, ಸ್ಕ್ರಬ್, ಹಬೆ ಎಲ್ಲವನ್ನೂ ಕೈಬಿಡಿ. ಮದುವೆ, ಗೃಹಪ್ರವೇಶಗಳ ಮುಂಚೆ ‘ಒಂದೇ ಒಂದು ಸಲ’ ಎಂದು ಮಾಡಿಸಿಕೊಂಡ ಫೇಶಿಯಲ್ಲೇ ಎಷ್ಟೋ ಮಂದಿಯ ಮುಖವನ್ನು ಕೆರಳಿಸುತ್ತದೆ. ಕೊಳ್ಳುವ ವಸ್ತುವಿನ ಮೇಲೆ ಮೆಂಥಾಲ್, ಕರ್ಪೂರ, ನೀಲಗಿರಿ ಎಣ್ಣೆ, ಆಲ್ಕೋಹಾಲ್, ಗ್ಲೈಕಾಲಿಕ್ ಆಸಿಡ್, ಸುಗಂಧ ಎಂದಿದ್ದರೆ ಬೇಡ.

ಗಂಡಸರು ಶೇವಿಂಗ್ ನಂತರ ಆಫ್ಟರ್‌ಶೇವ್ ಬಿಡಬೇಕು. ಸಲೂನ್‌ನಲ್ಲಿ ಪಟಿಕ ಉಜ್ಜುವುದು, ಮುಖಕ್ಕೆ ಮಸಾಜ್ ಮಾಡುವುದು ಬೇಡವೆಂದು ಮೊದಲೇ ಹೇಳಿ. ಗುಳ್ಳೆಗಳಿರುವಾಗ ಬ್ಲೇಡಿಗಿಂತ ಟ್ರಿಮ್ಮರ್ ವಾಸಿ.

ತೊಳೆದ ಕೆಲವೇ ನಿಮಿಷದಲ್ಲಿ ಸಾದಾ ಮಾಯಿಶ್ಚರೈಸರ್ ಹಚ್ಚಿ. ಸೆರಾಮೈಡ್, ಗ್ಲಿಸರಿನ್ ಇರುವ, ಪರಿಮಳರಹಿತವಾದದ್ದು ಒಳ್ಳೆಯದು. ಎಣ್ಣೆಚರ್ಮದವರೂ ಇದನ್ನು ಬಿಡಬಾರದು. ಹೊಸದು ಏನೇ ತಂದರೂ ಒಂದು ವಾರ ಮೊಣಕೈ ಒಳಭಾಗಕ್ಕೆ, ಆಮೇಲೆ ಕೆಲವು ದಿನ ದವಡೆಯ ಅಂಚಿಗೆ ಹಚ್ಚಿ ನೋಡಿ, ಉರಿಯದಿದ್ದರೆ ಮಾತ್ರ ಮುಖಕ್ಕೆ ತನ್ನಿ. ಒಮ್ಮೆಗೆ ಒಂದೇ ಹೊಸ ವಸ್ತು. ಎರಡು ಸೇರಿದರೆ ಕೆರಳಿಸಿದ್ದು ಯಾವುದೆಂದು ತಿಳಿಯುವುದಿಲ್ಲ.

ಬಿಸಿಲಿನಿಂದ ರಕ್ಷಣೆ

ರೋಸೇಶಿಯಾವನ್ನು ಕೆರಳಿಸುವ ಪಟ್ಟಿಯಲ್ಲಿ ಬಿಸಿಲಿಗೆ ಮೊದಲ ಸ್ಥಾನ. ಕಲಬುರಗಿ, ರಾಯಚೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಹೇಳಬೇಕಾದ್ದು ಬೆಂಗಳೂರು, ಮೈಸೂರು, ಮಡಿಕೇರಿಯವರಿಗೆ. ಗಾಳಿ ತಂಪಾಗಿದ್ದರೂ ನೇರಳಾತೀತ ಕಿರಣ ತಂಪಾಗಿರುವುದಿಲ್ಲ. ಊರು ಎತ್ತರದಲ್ಲಿದ್ದಷ್ಟೂ ಅದು ಹೆಚ್ಚು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಪ್ರಖರವಾಗಿದೆ ಎಂದು ತಿಳಿಯಿರಿ.

ಎಸ್‌ಪಿಎಫ್ 30 ಅಥವಾ ಹೆಚ್ಚಿನ, ಯುವಿಎ–ಯುವಿಬಿ ಎರಡನ್ನೂ ತಡೆಯುವ ಸನ್‌ಸ್ಕ್ರೀನ್ ಬೇಕು. ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಖನಿಜ ಸನ್‌ಸ್ಕ್ರೀನ್‌ಗಳು ಉರಿಸುವುದು ಕಡಿಮೆ. ಅವು ನಮ್ಮ ಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುತ್ತವೆ ಎಂಬ ದೂರು ನಿಜ. ಅದಕ್ಕೆ ಐರನ್ ಆಕ್ಸೈಡ್ ಬೆರೆಸಿದ ಬಣ್ಣದ ಸನ್‌ಸ್ಕ್ರೀನ್ ಸಿಗುತ್ತದೆ. ಅದು ಚರ್ಮದ ಬಣ್ಣಕ್ಕೆ ಹೊಂದುತ್ತದೆ, ಕೆಂಪನ್ನು ಮರೆಮಾಡುತ್ತದೆ, ಕಲೆ ಕಪ್ಪಾಗುವುದನ್ನೂ ತಡೆಯುತ್ತದೆ. ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎರಡು ಗೆರೆ ಹಿಂಡಿದಷ್ಟು ಮುಖ–ಕುತ್ತಿಗೆಗೆ ಬೇಕು. ಹೊರಗಡೆ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಎಷ್ಟೇ ಹಚ್ಚಿದರೂ ಕೊಡೆ, ಅಗಲ ಅಂಚಿನ ಟೋಪಿಗೆ ಸಮನಲ್ಲ. ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್‌ನ ಗಾಜು ಇಳಿಸಿಕೊಳ್ಳಿ; ಬಿಸಿಗಾಳಿಯ ಹೊಡೆತವೂ ತಪ್ಪುತ್ತದೆ.

ಒಲೆ, ಊಟ, ಕಾಫಿ

ಅಡುಗೆಮನೆಯ ಝಳವನ್ನು ವೈದ್ಯರ ಮುಂದೆ ಹೇಳಿಕೊಳ್ಳಲು ನಮ್ಮ ಹೆಣ್ಣುಮಕ್ಕಳು ಮರೆಯುತ್ತಾರೆ. ರೊಟ್ಟಿ ಬೇಯಿಸುವ ಒಲೆ, ಹಬ್ಬದ ದಿನ ಹೋಳಿಗೆಯ ಹಂಚು, ಕರಿಯುವ ಬಾಣಲೆ ಇವುಗಳ ಮುಂದೆ ಗಂಟೆಗಟ್ಟಲೆ ನಿಂತರೆ ಯಾವ ಕ್ರೀಮೂ ನಿಲ್ಲದು. ಮುಖವನ್ನು ಹಂಚಿನಿಂದ ದೂರವಿಡಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ನಡುನಡುವೆ ಹೊರಬಂದು ತಣ್ಣೀರು ಕುಡಿಯಿರಿ. ಮನೆಯವರಲ್ಲಿ ಒಂದು ಮಾತು: ಒಲೆಯ ಮುಂದಿನ ಕೆಲಸವನ್ನು ಹಂಚಿಕೊಳ್ಳುವುದು ಇಲ್ಲಿ ಉಪಕಾರವಲ್ಲ, ಚಿಕಿತ್ಸೆಯ ಭಾಗ.

ಖಾರದಲ್ಲಿರುವ ಕ್ಯಾಪ್ಸೇಸಿನ್ ಚರ್ಮದ ಬಿಸಿ ಗ್ರಹಿಸುವ ನರಗಳನ್ನೇ ಬಡಿದೆಬ್ಬಿಸುತ್ತದೆ. ಪೂರ್ತಿ ಸಪ್ಪೆ ಊಟ ಮಾಡಬೇಕಿಲ್ಲ. ಗುಂಟೂರು ಮೆಣಸಿನಕಾಯಿಯ ಜಾಗದಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಬಳಸಿ ನೋಡಿ. ಸಾರು, ಹುಳಿಯನ್ನು ಕುದಿ ಆರಿದ ಮೇಲೆ ಬಡಿಸಿಕೊಳ್ಳಿ. ಮದ್ಯ, ಅದರಲ್ಲೂ ವೈನ್, ಹಲವರ ಮುಖವನ್ನು ಕೆಂಪೇರಿಸುತ್ತದೆ. ಕೆಲವರಿಗೆ ದಾಲ್ಚಿನ್ನಿ, ಟೊಮೆಟೊ, ಕಿತ್ತಳೆ ಜಾತಿಯ ಹಣ್ಣುಗಳು ಆಗುವುದಿಲ್ಲ.

ಕಾಫಿ ಬಿಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಬಿಡಬೇಕಿಲ್ಲ. 1981ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬಿಸಿ ಕಾಫಿಯೂ ಬರೀ ಬಿಸಿನೀರೂ ಮುಖವನ್ನು ಒಂದೇ ರೀತಿ ಕೆಂಪಾಗಿಸಿದವು. ತಣ್ಣನೆಯ ಕಾಫಿ ಕೆಂಪಾಗಿಸಲಿಲ್ಲ. ಅಂದರೆ ತೊಂದರೆ ಬಿಸಿಯದು. ಅಮೆರಿಕದ 80 ಸಾವಿರಕ್ಕೂ ಹೆಚ್ಚು ನರ್ಸ್‌ಗಳ ಮಾಹಿತಿ ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಂತೂ ಹೆಚ್ಚು ಕಾಫಿ ಕುಡಿಯುವವರಲ್ಲಿ ರೋಸೇಶಿಯಾ ಕಡಿಮೆಯೇ ಕಂಡುಬಂತು. ಫಿಲ್ಟರ್ ಕಾಫಿಯನ್ನು ಲೋಟದಿಂದ ಡಬರಿಗೆ ನಾಲ್ಕು ಸಲ ಎತ್ತಿ ಹೊಯ್ದು ಆರಿಸಿ ಕುಡಿಯಿರಿ.

ಎಲ್ಲರಿಗೂ ಎಲ್ಲವೂ ಕೆರಳಿಸುವುದಿಲ್ಲ. ಒಂದು ಹಳೆಯ ನೋಟ್‌ಬುಕ್‌ನಲ್ಲಿ ತಿಂಗಳೊಪ್ಪತ್ತು ಹೀಗೆ ಬರೆದಿಡಿ: ‘ಮಂಗಳವಾರ. ಮಧ್ಯಾಹ್ನ ಬಸ್‌ಸ್ಟಾಪಿನಲ್ಲಿ ಬಿಸಿಲು. ರಾತ್ರಿ ಬಿರಿಯಾನಿ. ಒಂಬತ್ತಕ್ಕೆ ಕೆನ್ನೆ ಉರಿ. ಹನ್ನೊಂದಕ್ಕೆ ಇಳಿಯಿತು.’ ನಿಮ್ಮ ಮುಖಕ್ಕೆ ಆಗದ್ದು ಯಾವುದು ಎಂಬುದು ನಾಲ್ಕು ಪುಟ ತುಂಬುವಷ್ಟರಲ್ಲಿ ನಿಮಗೇ ತಿಳಿಯುತ್ತದೆ. ಅದನ್ನಷ್ಟೇ ಬಿಡಿ, ಉಳಿದದ್ದನ್ನು ಸುಖವಾಗಿ ಉಣ್ಣಿ. ಮುಟ್ಟು ನಿಲ್ಲುವ ವಯಸ್ಸಿನ ಮೈಬಿಸಿ, ಬಿಪಿಯ ಕೆಲವು ಮಾತ್ರೆಗಳು ಕೂಡ ಮುಖ ಕೆಂಪೇರಿಸಬಲ್ಲವು. ಅದನ್ನು ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಔಷಧಿಗಳು

ಯಾವುದನ್ನೂ ಈ ಲೇಖನ ಓದಿ ಅಂಗಡಿಯಲ್ಲಿ ಕೊಳ್ಳಬೇಡಿ. ವೈದ್ಯರು ಬರೆದದ್ದು ಏಕೆಂದು ಅರ್ಥವಾಗಲಿ ಎಂದು ಇಲ್ಲಿ ಹೇಳುತ್ತಿದ್ದೇನೆ. ಗುಳ್ಳೆಗಳಿಗೆ ಮೆಟ್ರೊನಿಡಝೋಲ್ ಜೆಲ್, ಅಝೆಲಾಯಿಕ್ ಆಸಿಡ್, ಅಥವಾ ಶೇ 1ರ ಐವರ್‌ಮೆಕ್ಟಿನ್ ಕ್ರೀಮ್ ಕೊಡುತ್ತಾರೆ. ಅಝೆಲಾಯಿಕ್ ಆಸಿಡ್ ಉಳಿದ ಕಪ್ಪು ಕಲೆಯನ್ನೂ ತಿಳಿಯಾಗಿಸುವುದರಿಂದ ನಮ್ಮ ಚರ್ಮಕ್ಕೆ ಒಳ್ಳೆಯದು. ಮೊದಮೊದಲು ಸ್ವಲ್ಪ ಚುರುಗುಟ್ಟಬಹುದು. ಗುಳ್ಳೆ ಹೆಚ್ಚಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ; ಇದನ್ನು ಲೋಟ ತುಂಬ ನೀರಿನೊಂದಿಗೆ ನುಂಗಿ, ತಕ್ಷಣ ಮಲಗಬಾರದು. ಗರ್ಭಿಣಿಯರಿಗೆ ಇದು ಸಲ್ಲದು. ಹಟಮಾರಿ ಕಾಯಿಲೆಗೆ ಕೊಡುವ ಐಸೊಟ್ರೆಟಿನಾಯಿನ್ ಗರ್ಭದ ಶಿಶುವಿಗೆ ತೀವ್ರ ಹಾನಿ ಮಾಡುತ್ತದೆ. ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸುತ್ತಿರುವವರು ಕಡ್ಡಾಯವಾಗಿ ಮೊದಲೇ ತಿಳಿಸಬೇಕು.

ಹಚ್ಚುವ ಔಷಧಿಗಳ ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಎರಡು ವಾರಕ್ಕೇ ‘ಏನೂ ಆಗಲಿಲ್ಲ’ ಎಂದು ಡಾಕ್ಟರನ್ನು ಬದಲಿಸಿದರೆ ಮತ್ತೆ ಮೊದಲಿನಿಂದ ಶುರು. ವಾರಕ್ಕೊಮ್ಮೆ ಅದೇ ಜಾಗ, ಅದೇ ಬೆಳಕಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ; ಕನ್ನಡಿಯಲ್ಲಿ ಕಾಣದ ಸುಧಾರಣೆ ಅಲ್ಲಿ ಕಾಣುತ್ತದೆ.

ರಕ್ತನಾಳಗಳು ಎದ್ದು ಕಾಣುತ್ತಿದ್ದರೆ ಲೇಸರ್ ಚಿಕಿತ್ಸೆ ಇದೆ. ಕಂದು ಚರ್ಮಕ್ಕೆ ಯಂತ್ರದ ಆಯ್ಕೆ, ಶಕ್ತಿಯ ಪ್ರಮಾಣ ತಪ್ಪಿದರೆ ಸುಟ್ಟ ಕಲೆಗಳು ಉಳಿಯುತ್ತವೆ. ಆದ್ದರಿಂದ ಬ್ಯೂಟಿ ಕ್ಲಿನಿಕ್‌ನ ರಿಯಾಯಿತಿ ಜಾಹೀರಾತು ನೋಡಿ ಹೋಗದೆ, ಡರ್ಮಟಾಲಜಿಯಲ್ಲಿ ಎಂ.ಡಿ., ಡಿಎನ್‌ಬಿ ಅಥವಾ ಡಿಪ್ಲೊಮಾ ಪಡೆದ ತಜ್ಞರನ್ನೇ ಕಾಣಿ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗವಿದೆ. ‘ಚರ್ಮ ಮತ್ತು ಗುಹ್ಯರೋಗ’ ಎಂಬ ಬೋರ್ಡ್ ನೋಡಿ ಸಂಕೋಚಪಡಬೇಡಿ. ಮುಖದ ಚರ್ಮಕ್ಕೂ ಅದೇ ಬಾಗಿಲು.

ಕಣ್ಣನ್ನು ಮರೆಯಬೇಡಿ

ರೋಸೇಶಿಯಾ ಕಣ್ಣಿಗೂ ಬರುತ್ತದೆ, ಕೆಲವೊಮ್ಮೆ ಚರ್ಮಕ್ಕಿಂತ ಮೊದಲೇ. ಕಣ್ಣಲ್ಲಿ ಮರಳು ಹೊಕ್ಕ ಹಾಗೆ ಚುಚ್ಚುವುದು, ಉರಿ, ನೀರು, ರೆಪ್ಪೆಯಂಚು ಕೆಂಪಾಗುವುದು, ಮತ್ತೆ ಮತ್ತೆ ಕಣ್ಣುಕುರು ಏಳುವುದು ಇದರ ಲಕ್ಷಣ. ಬೆಚ್ಚಗಿನ ಒದ್ದೆ ಬಟ್ಟೆಯನ್ನು ಮುಚ್ಚಿದ ರೆಪ್ಪೆಗಳ ಮೇಲೆ ಐದು ನಿಮಿಷ ಇಟ್ಟು, ಅಂಚನ್ನು ಮೆಲ್ಲಗೆ ಶುಚಿ ಮಾಡುವುದು ದಿನನಿತ್ಯದ ಆರೈಕೆ. ಬಟ್ಟೆ ಬೆಚ್ಚಗಿದ್ದರೆ ಸಾಕು, ಬಿಸಿ ಬೇಡ. ನೋವು, ದೃಷ್ಟಿ ಮಂಜಾಗುವುದು, ಬೆಳಕು ನೋಡಲಾಗದಿರುವುದು ಕಂಡುಬಂದರೆ ಅಂದೇ ನೇತ್ರತಜ್ಞರನ್ನು ಕಾಣಿ. ಕರಿಗುಡ್ಡೆಗೆ ಗಾಯವಾದರೆ ದೃಷ್ಟಿಗೇ ಅಪಾಯ.

ಮನಸ್ಸಿನ ಮಾತು

ಆತಂಕ, ಮುಜುಗರ, ಸಿಟ್ಟು ಕೂಡ ಮುಖವನ್ನು ಬಿಸಿಯೇರಿಸುತ್ತವೆ. ಸಂದರ್ಶನ, ಮೀಟಿಂಗ್, ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೆನ್ನೆ ಕೆಂಪಾಗುತ್ತದೆ, ಕೆಂಪಾಯಿತೆಂಬ ಚಿಂತೆಗೆ ಇನ್ನಷ್ಟು ಕೆಂಪಾಗುತ್ತದೆ. ಭೇಟಿಯಾದ ಕೂಡಲೇ ‘ಮುಖಕ್ಕೇನಾಯ್ತು? ಇದು ಹಚ್ಚಿ ನೋಡು’ ಎಂದು ಸಲಹೆ ಕೊಡುವ ಅಭ್ಯಾಸವನ್ನು ನಾವೆಲ್ಲ ಬಿಡಬೇಕು. ಪ್ರೀತಿಯಿಂದ ಹೇಳಿದರೂ ಅದು ನೋಯಿಸುತ್ತದೆ.

ರೋಸೇಶಿಯಾ ಇರುವವರಿಗೆ ಕೊನೆಯದಾಗಿ ಇಷ್ಟೇ: ಈ ವಾರ ಮೂರು ಕೆಲಸ ಮಾಡಿ. ಮನೆಯಲ್ಲಿರುವ ಪ್ರತಿ ಟ್ಯೂಬಿನ ಸಣ್ಣ ಅಕ್ಷರ ಓದಿ. ಮುಖಕ್ಕೆ ಬಳಸುವುದನ್ನು ಕ್ಲೆನ್ಸರ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಈ ಮೂರಕ್ಕೆ ಇಳಿಸಿ. ಚರ್ಮರೋಗ ತಜ್ಞರ ಭೇಟಿಗೆ ದಿನ ಗೊತ್ತುಮಾಡಿ. ಹನ್ನೆರಡು ವಾರ ತಾಳ್ಮೆ ಇಟ್ಟುಕೊಂಡರೆ ಬಹುಪಾಲು ಮಂದಿಯ ಮುಖ ತಣಿಯುತ್ತದೆ.